ಒಂದಾದ ಮೇಲೆ ನಲವತ್ತೆಂಟು

ನಾನು ನಿವೃತ್ತನಾದಾಗ ನನಗಿನ್ನೂ ಮೂವತ್ತೈದು ತುಂಬಿರಲಿಲ್ಲ. ಯಾರೂ ಶಾಲು ಹೊದಿಸಲಿಲ್ಲ, ಯಾರೂ ಗೋಡೆ ಗಡಿಯಾರ ಕೊಡಲಿಲ್ಲ. ಸೇಡಂ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ನಮ್ಮ ಡಿಟಿಪಿ ಅಂಗಡಿಯ ಷಟರ್ ಎಳೆದು ಮಾಲಕ ವೆಂಕಟಯ್ಯ ಶೆಟ್ಟರು ವೈರು ಕಿತ್ತುಹೋದ ಒಂದು ಮೌಸನ್ನು ನನ್ನ ಕೈಗಿಟ್ಟು, "ಇಟ್ಕೊ ಬಸು, ನೆನಪಿಗಿರಲಿ" ಎಂದರು. ಮಂದಿಗೆ ವಯಸ್ಸಾದ ಮೇಲೆ ಕೆಲಸ ಬಿಡುತ್ತದೆ. ನನ್ನ ವಿಷಯದಲ್ಲಿ ಕೆಲಸಕ್ಕೇ ವಯಸ್ಸಾಯಿತು. ಎಲ್ಲರ ಕೈಗೂ ಫೋನು ಬಂದ ಮೇಲೆ ಟೈಪು ಮಾಡಿಸಲು, ಪ್ರಿಂಟು ತೆಗೆಸಲು ಬರುವವರು ನಿಂತೇ ಹೋದರು.

ಈಗ ನನ್ನ ಅಕ್ಕನ ಮಗಳು ಚಿಂಚೋಳಿಯಲ್ಲಿ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಹಾಕಿದ್ದಾಳೆ. "ಮಾಮಾ, ನಿಮ್ಮ ಕಾಲದಾಗ ಹ್ಯಾಂಗಿತ್ತು?" ಎಂದು ಕೇಳಿದಳು. ನನಗೂ ಒಂದು "ಕಾಲ" ಇತ್ತೆಂದು ತಿಳಿದು ದಂಗಾದೆ. ಆಕೆಗಾಗಿ, ಆಕೆಯಂಥ ಹೊಸಬರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ರೋಗ ಹೇಳಿಬಿಡುತ್ತೇನೆ. ಯಾರ ದನಿ ಕಿವಿಗೆ ಬಿದ್ದರೂ ಅದು ನನ್ನ ಗಂಟಲಲ್ಲಿ ಬಾಡಿಗೆಗೆ ಬಂದು ಕೂಡುತ್ತದೆ. ಶಾಲೆಯಲ್ಲಿ ಹೆಡ್‌ಮಾಸ್ತರರ ದನಿಯಲ್ಲಿ ರಜೆ ಘೋಷಿಸಿ ಏಟು ತಿಂದಿದ್ದೆ. ಅಂಗಡಿಯಲ್ಲಿ ಶೆಟ್ಟರ ದನಿ ತೆಗೆಯುತ್ತಿದ್ದೆ. ಶೆಟ್ಟರ ಮನೆಮಾತು ತೆಲುಗು. ಸಿಟ್ಟು ಬಂದರೆ ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಮುಟ್ಟುತ್ತಿದ್ದರು. "ಏ ಬಸು, ಪ್ರಿಂಟರ್ ಬಂದ್ ಮಾಡೋ, ಕರೆಂಟ್ ಹೋಗ್ತದ, ಅಯ್ಯೋ ನಾ ತಂಡ್ರೀ!" ಎಂದು ನಾನು ಹಿಂದಿನ ಕೋಣೆಯಿಂದ ಕೂಗಿದರೆ, ಮುಂದೆ ಕುಳಿತ ಶೆಟ್ಟರೇ ಎದ್ದು ಪ್ರಿಂಟರ್ ಬಂದ್ ಮಾಡಿದ್ದುಂಟು. ಆಮೇಲೆ ತಾವು ಕೂಗಿಯೇ ಇಲ್ಲವೆಂದು ನೆನಪಾಗಿ ನನ್ನ ಬೆನ್ನಟ್ಟುತ್ತಿದ್ದರು. ನನ್ನ ಸ್ವಂತ ದನಿ ಹೇಗಿದೆ ಎಂದು ಕೇಳಬೇಡಿ. ಯಾರೂ ಅದನ್ನು ಅಣಕಿಸಿಲ್ಲ, ಹಾಗಾಗಿ ನನಗೂ ಗೊತ್ತಿಲ್ಲ.

ಕೆಲಸ ಲಗ್ನಪತ್ರಿಕೆ, ಮಾರ್ಕ್ಸ್‌ಕಾರ್ಡಿನ ಝೆರಾಕ್ಸು, ಗಣಪತಿ ಚಂದಾಪಟ್ಟಿಯ ರಸೀದಿ. ಕರೆಂಟು ಬಂದಾಗ ಟೈಪು ಮಾಡುವುದು, ಹೋದಾಗ ಬಂದವರನ್ನು ನಗಿಸಿ ಕೂಡಿಸಿಕೊಳ್ಳುವುದು. ಎರಡನೆಯದಕ್ಕೇ ನನಗೆ ಸಂಬಳ ಎಂದು ಶೆಟ್ಟರು ಹೇಳುತ್ತಿದ್ದರು. ಇಂಥ ಅಂಗಡಿಗೆ ಒಂದು ದಿನ ಆಚಾರ್ ಸರ್ ಬಂದರು.

ಆಚಾರ್ ಸರ್ ನಿವೃತ್ತ ಗಣಿತ ಮಾಸ್ತರರು. ಹಣೆಗೆ ಅಂಗಾರ ಅಕ್ಷತೆ, ಕೈಯಲ್ಲಿ ಕೊಡೆ, ಮಾತೆಲ್ಲ ಮೂಗಿನಿಂದ. ಊರಿನ ಅರ್ಧ ಮಂದಿ ಅವರ ಕೈಯಲ್ಲಿ ಗಣಿತ ಕಲಿತವರು, ಉಳಿದರ್ಧ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು. ನಾನು ಎರಡೂ ಗುಂಪಿನ ಸದಸ್ಯ. ಗಣಿತದಲ್ಲಿ ಫೇಲಾದವರಿಗಾಗಿ ಒಂದು ಪುಸ್ತಕ ಬರೆದಿದ್ದರು. ನಲವತ್ತೆಂಟು ಪುಟ. ಒಂದು ಪುಟಕ್ಕೆ ಒಂದೇ ಲೆಕ್ಕ. ಅಲ್ಲೇ ಶುರು, ಅಲ್ಲೇ ಮುಕ್ತಾಯ, ಒಂದು ಪುಟದ ಸಾಲು ಇನ್ನೊಂದಕ್ಕೆ ಹರಿಯುವಂತಿಲ್ಲ. ಮೊದಲ ಪುಟದಲ್ಲಿ ಋಣ ಸಂಖ್ಯೆ ಕೂಡಿಸುವುದು. ಕೊನೆಯ ಪುಟದಲ್ಲಿ ಎರಡು ವೃತ್ತಗಳಿಗೆ ಸ್ಪರ್ಶಕ ಎಳೆಯುವುದು. ನಡುವೆ ಮೆಟ್ಟಿಲು ಮೆಟ್ಟಿಲಾಗಿ ಏರುವುದು.

"ಕ್ರಮ ಬಸು, ಕ್ರಮ!" ಎಂದರು ಮೂಗಿನಿಂದ. "ಗಣಿತ ಅಂದ್ರ ಬ್ಯಾರೆ ಏನೂ ಅಲ್ಲಪಾ. ಯಾವುದು ಆದ ಮ್ಯಾಲೆ ಯಾವುದು ಅನ್ನೂದೇ ಗಣಿತ. ಈ ನಲವತ್ತೆಂಟು ಹಾಳಿ ಜೋಡಿಸಲಿಕ್ಕೆ ನನ್ನ ಇಡೀ ನೌಕರಿ ಹಿಡೀತು."

"ಎಷ್ಟು ಪ್ರತಿ ಹಾಕಿಸೋಣ್ರಿ ಸರ್?" ಶೆಟ್ಟರು ಹುರುಪಿನಿಂದ ಕೇಳಿದರು.

"ಒಂದೂ ಬ್ಯಾಡ. ಕಂಪ್ಯೂಟರಿನಾಗೇ ಪುಸ್ತಕ ಮಾಡ್ರಿ. ಸೀಡಿಯೊಳಗ ಹಾಕಿ ಊರೂರಿಗೆ ಕೊಡೂದು. ಯಾರಿಗೆ ಬೇಕೋ ಅವರು ತಮ್ಮೂರಾಗೇ ಪ್ರಿಂಟ್ ತಗೊಳ್ಳಲಿ. ಪುಸ್ತಕ ಪುಕ್ಕಟೆ."

ಶೆಟ್ಟರು ಕೂತಲ್ಲೇ ಅರ್ಧ ಎದ್ದರು. "ಪುಕ್ಕಟೆ ಅಂದ್ರ... ಪುಕ್ಕಟೇನಾ?"

"ವಿದ್ಯಾ ಮಾರೂದಿಲ್ಲ ನಮ್ಮ ಮನಿಯಾಗ."

ಶೆಟ್ಟರ ಮುಖದಲ್ಲಿ ಸಾವಿನ ಸುದ್ದಿ ಕೇಳಿದ ಕಳೆ ಬಂತು. ಆದರೆ ಅವರೂ ಸರ್ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ಒಪ್ಪಿದರು.

ಸಂಜೆ ಸಂಜೆ ಕುಳಿತು ಮೂರು ನಮೂನೆ ಮಾಡಿದೆವು. ಒಂದು, ನೋಡುವ ಪ್ರತಿ: ಕಂಪ್ಯೂಟರಿನ ಪರದೆಯ ಮೇಲೆ ಓದಲು, ಅಕ್ಷರ ದಪ್ಪ. ಎರಡು, ದೊಡ್ಡ ಪ್ರತಿ: ಒಂದು ಹಾಳೆಗೆ ಒಂದು ಪುಟ. ಮೂರನೆಯದು ಮಡಿಸುವ ಪ್ರತಿ, ನನ್ನ ಹೆಮ್ಮೆ. ಇದರಲ್ಲಿ ಒಂದು ಹಾಳೆಯ ಮೇಲೆ ಎರಡು ಪುಟ ಅಕ್ಕಪಕ್ಕ ಬರುತ್ತವೆ. ಹಾಳೆಯ ಎರಡೂ ಬದಿಗೆ ಪ್ರಿಂಟು ತೆಗೆದು, ಎಲ್ಲ ಹಾಳೆಗಳನ್ನೂ ಒಂದರೊಳಗೊಂದು ಇಟ್ಟು ನಡುವೆ ಮಡಿಸಿ ಪಿನ್ನು ಹೊಡೆದರೆ ಕಿಸೆಗೆ ಹಿಡಿಯುವ ಪುಸ್ತಕ. ಹಾಗೆ ಮಡಿಸಿದಾಗ ಕ್ರಮ ಸರಿ ಬರಬೇಕಾದರೆ, ಬಿಡಿ ಹಾಳೆಯಲ್ಲಿ ಕ್ರಮ ತಪ್ಪಿರಬೇಕು: ಮೊದಲ ಹಾಳೆಯ ಬಲಕ್ಕೆ ಒಂದನೇ ಪುಟ, ಎಡಕ್ಕೆ ನಲವತ್ತೆಂಟನೆಯದು. ಒಂದು ಹಳೇ ಲಗ್ನಪತ್ರಿಕೆ ಮಡಿಸಿ ಇದನ್ನು ತೋರಿಸಿದಾಗ ಸರ್ ಬಹಳ ಹೊತ್ತು ನೋಡಿದರು. "ಒಂದರ ಮಗ್ಗಲಿಗೆ ನಲವತ್ತೆಂಟು! ಮಡಿಸೂತನಕ ಇದನ್ನ ಯಾರಿಗೂ ತೋರಿಸಬ್ಯಾಡ ಬಸು. ನೋಡಲಿಕ್ಕೆ ಆಗೂದಿಲ್ಲ."

ಹೊಸಬರೇ, ಪುಸ್ತಕ ಮಾಡುವುದು ಸುಲಭ. ಅದನ್ನು ಹಂಚಿದ ಮೇಲೆ ಶುರುವಾಗುತ್ತದೆ ನೋಡಿ.

ಮೊದಲ ಆಘಾತ ಶಹಾಬಾದಿನದು. ಅಲ್ಲಿನ ಒಂದು ಕಂಪ್ಯೂಟರ್ ಕ್ಲಾಸಿಗೆ ಫೈಲು ಕಳಿಸಿದ್ದೆ. ಆಗಿನ ಕನ್ನಡ ಫಾಂಟುಗಳ ಕಥೆ ಈಗಿನವರಿಗೆ ಗೊತ್ತಿಲ್ಲ. ಆ ಫಾಂಟು ಆ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ "ಗಣಿತ" ಎಂಬುದು ಚುಕ್ಕಿ, ಕಟ್ಟು, ಬಿಲ್ಲು, ಬಾಣವಾಗಿ ಕಾಣುತ್ತಿತ್ತು. ಫಾಂಟನ್ನು ಪುಸ್ತಕದೊಳಗೇ ಅಡಗಿಸಿ ಕಳಿಸಬೇಕೆಂದು ನನಗಾಗ ತಿಳಿದಿರಲಿಲ್ಲ. ತಿಂಗಳಾದರೂ ದೂರು ಬರಲಿಲ್ಲ. ನಾನೇ ಹೋಗಿ ನೋಡಿದೆ. ನಲವತ್ತೆಂಟು ಪುಟ ಬಿಲ್ಲುಬಾಣವನ್ನು ಚೆಂದದ ರಟ್ಟು ಹಾಕಿ ಕಟ್ಟಿಸಿ, ಫರಸಿ ಕಲ್ಲಿನ ಗಣಿಯ ಮೇಸ್ತ್ರಿಯೊಬ್ಬರು ಮಗನಿಗೆ ಕೊಡಿಸಿದ್ದರು.

"ಇದು ಓದಾಕ ಬರ್ತದೇನ್ರಿ?" ಎಂದು ಬೆವರುತ್ತಾ ಕೇಳಿದೆ.

"ಇಲ್ರಿ. ಗಣಿತ ಅಲ್ಲೇನ್ರಿ ಅದು?" ಎಂದರು ಮೇಸ್ತ್ರಿ, ಪೂರ್ಣ ನಂಬಿಕೆಯಿಂದ. "ನಮಗ ತಿಳೀದಿದ್ರೇ ಅದು ಗಣಿತ."

ಎರಡನೆಯದು ವಾಡಿಯಲ್ಲಿ. ಸೀಡಿ ಪಡೆದ ಕ್ಲಾಸಿನವರು ಟೀವಿಗೆ ವೀಸಿಡಿ ಪ್ಲೇಯರ್ ಹಚ್ಚಿ, ಹುಡುಗರನ್ನೆಲ್ಲ ಚಾಪೆಯ ಮೇಲೆ ಕೂಡಿಸಿ, ಗಣಿತದ ಪಿಚ್ಚರ್ ಶುರುವಾಗುತ್ತದೆಂದು ಕಾದಿದ್ದರು. ಶುರುವಾಗಲಿಲ್ಲ. "ಹೀರೋನೂ ಇಲ್ಲ, ಸದ್ದೂ ಇಲ್ಲ" ಎಂದು ಸೀಡಿ ವಾಪಸ್ಸು ಬಂತು. ಮೇಲಾಗಿ ಪುಕ್ಕಟೆ ಎಂಬ ಮಾತೇ ಅಲ್ಲಿನವರಿಗೆ ಸಂಶಯ. "ಯಾವ ಪಾರ್ಟಿದ್ರಿ ಇದು? ಇಲೆಕ್ಷನ್ ದೂರ ಅದಲ್ಲ?"

ಚಂದಾಪುರದಲ್ಲಿ ಆದದ್ದು ಕಂಡು ಮಾತ್ರ ನನ್ನ ಬಾಯಿ ಮುಚ್ಚಲಿಲ್ಲ. ಅಲ್ಲಿನ ಒಂದು ಆಫೀಸಿನ ಗುಮಾಸ್ತರು ಮಗಳಿಗಾಗಿ ಸೀಡಿಯಲ್ಲಿದ್ದ ಮೂರೂ ನಮೂನೆಗಳನ್ನು ಪ್ರಿಂಟು ತೆಗೆಸಿ ಒಟ್ಟಿಗೇ ಕಟ್ಟಿಸಿದ್ದರು. ಭಾಗ ಒಂದು, ಭಾಗ ಎರಡು, ಭಾಗ ಮೂರು ಎಂದು ಒಳಗೆ ಕೆಂಪು ಶಾಯಿಯಲ್ಲಿ ಬರೆದಿತ್ತು. ಐನಾಪುರದಿಂದ ಬಂದ ಅವರ ಅಳಿಯನಿಗೂ ಒಂದು ಸೆಟ್ಟು ಹೋಗಿತ್ತು.

"ಆಚಾರ್ಯರಿಗೆ ಹೇಳ್ರಿ," ಎಂದರು ಗುಮಾಸ್ತರು, ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, ದೊಡ್ಡವರ ಮಾನ ಕಾಯುವವರಂತೆ. "ಮೊದಲನೇ ಭಾಗ ಭಾಳ ಛಲೋ ಅದ. ಎರಡನೇ ಭಾಗದಾಗ ಹೇಳಿದ್ದನ್ನೇ ಹೇಳ್ಯಾರ. ಮೂರನೇದಕ್ಕ ಬರೂದ್ರೊಳಗ ವಯಸ್ಸಾತು ಕಾಣ್ತದ, ಎಲ್ಲಾ ಹಿಂದಮುಂದ ಆಗ್ಯದ."

ಇದನ್ನು ಗುಮಾಸ್ತರ ದನಿಯಲ್ಲೇ ಸರ್ ಮುಂದೆ ಮಾಡಿ ತೋರಿಸಿದೆ. ನಗಲಿಲ್ಲ. "ಹಿಂದಮುಂದ ಅಂದನೇನು? ನನಗ?" ಎಂದು ಮೂರು ಸಲ ಕೇಳಿದರು.

ಹಾಗಾಗಿ ಸೀಡಿಯ ಕವರಿನ ಮೇಲೆ ಅಂಗಡಿಯ ಫೋನ್ ನಂಬರು ಹಾಕಿ, ಅನುಮಾನವಿದ್ದರೆ ಆಚಾರ್ಯರನ್ನು ಕೇಳಿ ಎಂದು ಬರೆದೆವು. ಸರ್ ಬರುತ್ತಿದ್ದುದು ಸಂಜೆ. ಫೋನು ಬರುತ್ತಿದ್ದುದು ಇಡೀ ದಿನ. ಉಳಿದ ಹೊತ್ತಿನಲ್ಲಿ ಆಚಾರ್ಯರು ಯಾರಾಗಿದ್ದರೆಂದು ಬಿಡಿಸಿ ಹೇಳಬೇಕಿಲ್ಲ. ಮೂಗು ಸ್ವಲ್ಪ ಒತ್ತಿ ಹಿಡಿದರೆ ಸಾಕಿತ್ತು. ಸರ್‌ಗೂ ಇದು ಗೊತ್ತಿತ್ತು. ಉತ್ತರ ತಪ್ಪಬಾರದು, ಅಷ್ಟೇ ಅವರ ಷರತ್ತು.

ಆ ದಿನಗಳಲ್ಲೇ ದಂಡೋತಿಯಿಂದ ರೇಣುಕಕ್ಕ ಬಂದಳು. ಅಲ್ಲಿನ ಅಂಗನವಾಡಿಯಲ್ಲಿ ಸಹಾಯಕಿ; ಅಡುಗೆ ಮಾಡುವುದು, ಕೂಸುಗಳನ್ನು ಕರೆತರುವುದು ಅವಳ ಕೆಲಸ. ಟೀಚರ್ ಬಾಯಿಯ ವರದಿ ಟೈಪು ಮಾಡಿಸಲು ಬಂದವಳು ಗೋಡೆಗೆ ಹಚ್ಚಿದ್ದ ಪುಕ್ಕಟೆ ಗಣಿತ ಪುಸ್ತಕದ ಚೀಟಿ ನೋಡಿ ನಿಂತುಬಿಟ್ಟಳು.

"ತಮ್ಮಾ, ಇದು ನನ್ನಂಥವ್ರಿಗೂ ಕೊಡ್ತಾರೇನು?"

"ನಿಮ್ಮಂಥವ್ರು ಅಂದ್ರ?"

"ಗಣಿತದಾಗ ನಾಕು ಸಲ ಬಿದ್ದವ್ರು."

"ನಿಮ್ಮಂಥವ್ರಿಗೇ ಬರದಾರ ಅಕ್ಕಾ. ಒಂದು ಸಲ ಬಿದ್ದವ್ರಿಗೆ ಇದನ್ನ ಕೊಡೂದಿಲ್ಲ, ಅನುಭವ ಸಾಲದು" ಎಂದೆ. ನಕ್ಕಳು. ನಗುತ್ತಲೇ ವಿಷಯ ಹೇಳಿದಳು. ಟೀಚರ್ ಬಾಯಿ ಕೆಲಸ ಬಿಡುವವರಿದ್ದರು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಆ ಜಾಗ ರೇಣುಕಕ್ಕನಿಗೇ. ಉಳಿದದ್ದೆಲ್ಲ ಪಾಸು, ಗಣಿತ ಒಂದೇ ಅಡ್ಡ. ಜೂನಿನ ಪರೀಕ್ಷೆಯೇ ಕೊನೆ. ಆಗಲೂ ಬಿದ್ದರೆ ಬೇರೆ ಊರಿನವರು ಬಂದು ಕುರ್ಚಿಯಲ್ಲಿ ಕೂಡುತ್ತಾರೆ.

"ಮತ್ತ ನಾ ಒಲಿ ಮುಂದ," ಎಂದಳು. "ಆ ಕೂಸುಗಳಿಗೆ ಹಾಡು ಕಲಿಸಿದಾಕಿ ನಾನು, ಅಕ್ಷರ ತೀಡಿಸಿದಾಕಿ ನಾನು. ಕಾಗದದ ಮ್ಯಾಲೆ ಮಾತ್ರ ಸೌಟು ಹಿಡದಾಕಿ."

ಅವತ್ತು ನಮ್ಮ ಪ್ರಿಂಟರ್ ಊರಿನ ಸಿಮೆಂಟು ಕಾರ್ಖಾನೆಯ ಧೂಳು ತಿಂದು ಕೆಮ್ಮುತ್ತಿತ್ತು. ಸೀಡಿ ಕೊಟ್ಟು, ಚಿತ್ತಾಪುರದ ಖಲೀಲ್ ಚಾಚಾನ ಝೆರಾಕ್ಸ್ ಅಂಗಡಿಯಲ್ಲಿ ಮಡಿಸುವ ಪ್ರತಿ ತೆಗೆಸಿಕೊಳ್ಳಿ, ಒಲೆ ಮುಂದೆ ಹಿಡಿಯಲು ಸಣ್ಣದೇ ಛಲೋ ಎಂದು ಹೇಳಿ ಕಳಿಸಿದೆ.

ನಾಲ್ಕೈದು ದಿನಕ್ಕೆ ಫೋನು ಬಂತು. "ಆಚಾರ್ ಸರ್ ಇದ್ದಾರೇನ್ರಿ?"

ಮೂಗು ಒತ್ತಿಕೊಂಡೆ. "ನಾನೇ. ಹೇಳವ್ವಾ."

"ಸರ್, ದಂಡೋತಿ ರೇಣುಕಾ ರೀ. ಮೊದಲನೇ ಹಾಳಿ ಸಲೀಸ ಅದರಿ. ಅದರ ಹಿಂದಿಂದು ಭಾಳ ಬಿರಿ ಅದ, ತಲೀಗೆ ಹತ್ತವಲ್ದು. ಅದನ್ನ ಹಾರಿಸಿ ಮುಂದಕ್ಕ ಹೋಗಲೇನ್ರಿ?"

"ಹಾರಿಸಬ್ಯಾಡ!" ಎಂದು ಗುಡುಗಿದೆ. ಆಚಾರ್ಯರಾದಾಗ ನನಗೆ ಸಿಟ್ಟೂ ಅವರದೇ ಬರುತ್ತಿತ್ತು. "ಹಾರಿಸಿದವರೆಲ್ಲಾ ಮಾರ್ಚಿನಾಗ ಬಿದ್ದು ಜೂನಿಗೆ ಬರ್ತಾರ. ಕ್ರಮ ಅವ್ವಾ, ಕ್ರಮ! ಹಾಳಿ ಹ್ಯಾಂಗ ಬರ್ತಾವೋ ಹಾಂಗೇ ಓದು. ಒಂದೂ ಬಿಡಬ್ಯಾಡ. ತಿಳೀಲಿಲ್ಲಂದ್ರ ಮುಂದಿನ ಹಾಳಿ ನೋಡಿ ತಿರುಗಿ ಬಾ."

ಫೋನಿಟ್ಟು ನೋಡಿದರೆ ಬಾಗಿಲಲ್ಲಿ ಕೊಡೆ ಹಿಡಿದು ಆಚಾರ್ ಸರ್ ನಿಂತಿದ್ದಾರೆ. ನನ್ನ ಕಿವಿ ತಾವಾಗಿಯೇ ಬಿಸಿಯಾದವು.

"ಛಲೋ ಹೇಳಿದಿ," ಎಂದರು. "ನಾನಿದ್ರೂ ಇದನ್ನೇ ಹೇಳ್ತಿದ್ದೆ. ಆದ್ರ ಬಸು, ನಾನು ಅಷ್ಟು ಮೂಗಿನಿಂದ ಮಾತಾಡ್ತೀನೇನು?"

"ಇನ್ನೂ ಸ್ವಲ್ಪ ಹೆಚ್ಚು ಸರ್. ನಾ ಕಮ್ಮಿ ಮಾಡೀನಿ."

ಮುಂದೆ ಪರೀಕ್ಷೆ ಹತ್ತಿರ ಬಂದಾಗ ನಾವಿಬ್ಬರೂ ಇನ್ನಷ್ಟು ಸೀಡಿ ಕೊಡಲೆಂದು ಚಿತ್ತಾಪುರಕ್ಕೆ ಹೋದೆವು. ಖಲೀಲ್ ಚಾಚಾ ಮೆಹಂದಿ ಗಡ್ಡದ ಹಿರಿಯರು. ಮನೆಯಲ್ಲಿ ಉರ್ದು ಓದಿ ಬೆಳೆದವರು. ಕನ್ನಡ ಮಾತು ನೀರು ಕುಡಿದಷ್ಟು ಸರಾಗ, ಓದಲು ಮಾತ್ರ ಬಾರದು. ನಮ್ಮನ್ನು ಕಂಡದ್ದೇ, "ಆವೋ ಮಾಸ್ಟರ್ ಸಾಬ್, ಕುಂದ್ರಿ! ನಿಮ್ಮ ಕಿತಾಬಿಂದು ಒಂದು ನಮೂನಾ ಇಟ್ಟೀನಿ, ನೋಡ್ರಿ ಫಿನಿಶಿಂಗ್!" ಎಂದು ಒಂದು ಪುಟ್ಟ ಪುಸ್ತಕ ಮುಂದಿಟ್ಟರು. ದಾರದ ಹೊಲಿಗೆ, ಹಸಿರು ರಟ್ಟು, ಚಾಕುವಿನಿಂದ ಕೊಯ್ದ ಬೆಣ್ಣೆಯಂಥ ಅಂಚು. ನನಗೇ ಹೊಟ್ಟೆಕಿಚ್ಚಾಯಿತು.

ಸರ್ ತೆರೆದರು. ಮೊದಲ ಪುಟ, ಋಣ ಸಂಖ್ಯೆ. ಹಾಳೆ ತಿರುವಿದರು. ಎರಡು ವೃತ್ತಗಳಿಗೆ ಸ್ಪರ್ಶಕ. ಪುಸ್ತಕ ಮುಚ್ಚಿ ರಟ್ಟು ನೋಡಿದರು, ತಮ್ಮದೇ ಮನೆಯ ಬಾಗಿಲು ತೆರೆದಾಗ ಪರಕೀಯರು ಊಟಕ್ಕೆ ಕೂತಿರುವುದನ್ನು ಕಂಡವರಂತೆ. ಮತ್ತೆ ತೆರೆದರು. ಪರಕೀಯರು ಅಲ್ಲೇ ಇದ್ದರು.

"ಒಂದಾದ ಮ್ಯಾಲೆ ನಲವತ್ತೆಂಟು," ಎಂದರು. ಆಮೇಲೆ ಇನ್ನೊಂದು ಹಾಳೆ. "ಅದರ ಹಿಂದ ನಲವತ್ತೇಳು. ಆಮ್ಯಾಲೆ ಎರಡು. ಬಸು, ಇದೇನಿದು?"

ನಾನು ಚಾಚಾನತ್ತ ತಿರುಗಿದೆ. "ಚಾಚಾ, ಇದನ್ನ ಮಡಿಸಬೇಕಿತ್ತಲ್ರಿ?"

"ಮಡಚಿದ್ರ ನಡುವ ಗೆರಿ ಬೀಳ್ತದ ಬೇಟಾ, ಕಿತಾಬ ಬಾಳಿಕಿ ಬರಲ್ಲ. ನನ್ನ ಮಷೀನ್ ಒಂದೇ ಬಾಜೂ ಛಾಪಸ್ತದ. ಒಂದು ಹಾಳಿದಾಗ ಎರಡು ಪನ್ನಾ ಇದ್ವು. ನಡುವ ಕಾಟ್ ದಿಯಾ, ಕತ್ತರಿಸಿ ಒಂದರ ಮ್ಯಾಲೊಂದು ಇಟ್ಟೆ."

"ಬಲಗಡಿಂದು ಮೊದಲು ಯಾಕಿಟ್ಟಿ ಖಲೀಲಾ?" ಸರ್ ಕೇಳಿದರು.

ಚಾಚಾ ನಮ್ಮಿಬ್ಬರ ಮುಖವನ್ನೂ ನೋಡಿದರು. ಆ ಪ್ರಶ್ನೆಗೆ ಅವರಿಗಾದ ಆಶ್ಚರ್ಯದ ಮುಂದೆ ನಮ್ಮದು ಏನೂ ಅಲ್ಲ. "ಕಿತಾಬ ಬಲಗಡಿಂದೇ ಅಲ್ಲೇನ್ರಿ ಶುರು ಆಗೂದು?"

"ಕೆಳಗ ನಂಬರ್ ಇತ್ತಲ್ಲೋ!"

"ಅಂಚು ಸೊಟ್ಟ ಇತ್ತು ಸಾಬ್. ಸಾಫ್ ಮಾಡೀನಿ."

ನಂಬರುಗಳು ಅಂಚಿನ ಜೊತೆ ಕಸದ ಬುಟ್ಟಿ ಸೇರಿದ್ದವು. ಒಂದು ಪುಟಕ್ಕೆ ಒಂದೇ ಲೆಕ್ಕ ಇದ್ದುದರಿಂದ ಸಾಲು ತುಂಡಾಗಿ ಯಾರಿಗೂ ಅನುಮಾನ ಬರುವಂತೆಯೂ ಇರಲಿಲ್ಲ.

"ಇಂಥದು ಯಾರಿಗೆ ಕೊಟ್ಟೀರಿ?" ಎಂದು ಕೇಳುವಾಗಲೇ ಉತ್ತರ ನನಗೆ ಗೊತ್ತಿತ್ತು.

"ಒಬ್ಬಾಕಿಗೇ. ದಂಡೋತಿ ಅಂಗನವಾಡಿ ಬಾಯಿಗೆ."

ಪರೀಕ್ಷೆ ನಾಡಿದ್ದಿತ್ತು. ಒಂದೂ ಹಾಳೆ ಹಾರಿಸಬೇಡ, ಬಂದ ಹಾಗೇ ಓದು ಎಂದು ಗುಡುಗಿದ ದನಿ ನನ್ನ ಕಿವಿಯಲ್ಲಿ ಮತ್ತೆ ಗುಡುಗಿತು. ಅವಳು ಬಿರಿ ಎಂದದ್ದು ಸ್ಪರ್ಶಕದ ಪುಟಕ್ಕೆ! ಅವಳಿಗೆ ಎರಡನೇ ಪುಟವೇ ಅದು!

ಟಂಟಂ ಆಟೊ ಹಿಡಿದು ಕಾಗಿಣಾ ನದಿಯ ಸೇತುವೆ ದಾಟಿ ದಂಡೋತಿಗೆ ಹೋದೆವು. ದಾರಿಯುದ್ದಕ್ಕೂ ಸರ್ ಆ ನಮೂನಾ ಪುಸ್ತಕವನ್ನು ತೊಡೆಯ ಮೇಲೆ ಬೋರಲಾಗಿ ಇಟ್ಟುಕೊಂಡಿದ್ದರು. "ಆಕಿ ಬಿದ್ದರ ಗಣಿತದಾಗ ಬಿದ್ದಂಗ ಅಲ್ಲ ಬಸು, ನನ್ನ ಪುಸ್ತಕದಾಗ ಬಿದ್ದಂಗ" ಎಂದರು. ನನಗೆ ಯಾರ ದನಿಯೂ ಬಾಯಿಗೆ ಬರಲಿಲ್ಲ.

ಅಂಗನವಾಡಿಯಲ್ಲಿ ಕೂಸುಗಳು ಉಂಡು ಮಲಗಿದ್ದವು. ರೇಣುಕಕ್ಕ ಒಲೆಯ ಮುಂದೆ ಪಾತ್ರೆ ತಿಕ್ಕುತ್ತಾ, ಎಣ್ಣೆ ಡಬ್ಬಿಗೆ ಆನಿಸಿಟ್ಟ ಹಸಿರು ಪುಸ್ತಕ ಓದುತ್ತಿದ್ದಳು. ಹಾಳೆಗಳಿಗೆ ಅರಿಸಿನದ ಬೆರಳು ಮೂಡಿದ್ದವು.

"ಸರ್! ನೀವ್ಯಾಕ ಬಂದ್ರಿ ಇಲ್ಲೀತನಕ? ಕುಂದ್ರಿ, ಚಾ ಮಾಡ್ತೀನಿ."

"ಪುಸ್ತಕ ಕೊಡವ್ವಾ," ಎಂದು ಸರ್ ಕಿಸೆಯಿಂದ ಬ್ಲೇಡು ತೆಗೆದರು. ಚಾಚಾನ ಅಂಗಡಿಯಿಂದಲೇ ತಂದಿದ್ದರು. "ದಾರ ಬಿಚ್ಚಿ ಜೋಡಿಸಿಕೊಡ್ತೀನಿ. ತಪ್ಪಾಗ್ಯದ. ಹಾಳಿ ಎಲ್ಲಾ ಹಿಂದಮುಂದ ಆಗ್ಯಾವ."

ಅವಳು ಪುಸ್ತಕವನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. "ಬಿಚ್ಚಬ್ಯಾಡ್ರಿ ಸರ್."

"ಅವ್ವಾ, ಒಂದಾದ ಮ್ಯಾಲೆ ನಲವತ್ತೆಂಟು ಬಂದದ ಇದರಾಗ!"

"ಇದರಾಗ ನಂಬರೇ ಇಲ್ರಿ. ನನಗ ಒಂದಾದ ಮ್ಯಾಲೆ ಎರಡನೇದೇ ಬಂದದ. ಪರೀಕ್ಷಾ ಬಂತು, ಈಗ ಬಿಚ್ಚಿದ್ರ ಎಲ್ಲಿ ಏನದ ಅಂತ ನನಗ ಸಿಗಂಗಿಲ್ಲ. ಎಲ್ಲಾ ಕೈಗೆ ಗೊತ್ತದರಿ ಈಗ." ನಂತರ ನಿಷ್ಠುರವಾಗಿ ಹೇಳಿದಳು: "ನೀವೇ ಅಲ್ರಿ ಫೋನಿನಾಗ ಒದರಿದ್ದು, ಒಂದೂ ಹಾಳಿ ಬಿಡಬ್ಯಾಡ ಅಂತ?"

ಸರ್ ನನ್ನತ್ತ ತಿರುಗಿದರು. ನಾನು ಪಾತ್ರೆಗಳತ್ತ ತಿರುಗಿದೆ.

ಮಲಗಿದ್ದ ಒಂದು ಕೂಸಿನ ಪಕ್ಕದಿಂದ ಪಾಟಿ ಎತ್ತಿಕೊಂಡು ಸರ್ ಲೆಕ್ಕ ಬರೆದರು. ಬಿಡಿಸಿದಳು. ಇನ್ನೊಂದು, ಮೇಲಿನ ಮೆಟ್ಟಿಲಿನದು. ತುಟಿ ಕಚ್ಚಿಕೊಂಡು ಬಿಡಿಸಿದಳು. ಮೂರನೆಯದರಲ್ಲಿ ತಪ್ಪಿದಳು, ತಪ್ಪಿದ್ದು ತಿಳಿದು ತಾನೇ "ಥೂ" ಎಂದಳು. ಸರ್ ಪಾಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತೇ ಇದ್ದರು. ಅವರ ಮುಖದಲ್ಲಿ ಸಂತೋಷವಿರಲಿಲ್ಲ. ಮೂರರಲ್ಲಿ ಎರಡು ಸರಿಯಾದದ್ದೇ ಅವರಿಗೆ ದೊಡ್ಡ ಪೆಟ್ಟು.

"ಹ್ಯಾಂಗ ಓದಿದೆವ್ವಾ ಇದನ್ನ?" ಎಂದರು ಕಡೆಗೆ. ಮಾಸ್ತರರು ಕೇಳುವ ಹಾಗಲ್ಲ, ದಾರಿ ತಪ್ಪಿದವರು ಕೇಳುವ ಹಾಗೆ.

"ನಾ ಪ್ರತಿ ಸಲ ಮೂರನೇ ಪಾಠಕ್ಕ ಬಂದು ನಿಂತುಬಿಡ್ತಿದ್ದೆ ಸರ್. ಮುಂದ ಎಲ್ಲಾ ಏರೇ ಅದ ಅಂತ ಗೊತ್ತಿರ್ತಿತ್ತು. ಏರು ನೋಡಿದ್ರೇ ಕಾಲು ಬರ್ತಿರಲಿಲ್ಲ. ಇದರಾಗ ಬಿರಿ ಹಾಳಿ ಬಂತಂದ್ರ, ಎರಡು ಹಾಳಿ ತಡಿ, ಮತ್ತ ಸಲೀಸ ಬರ್ತದ ಅನ್ನೂ ಧೈರ್ಯ ಇತ್ತು. ಎಲ್ಲಿ ನಿಲ್ಲಬೇಕು ಅಂತ ತಿಳೀಲೇ ಇಲ್ಲ. ಹಂಗೇ ಮುಗದುಹೋತು. ಎರಡು ಸಲ ಮುಗದದ."

ಸರ್ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಕಿಸೆಗಿಟ್ಟುಕೊಂಡರು. ಚಾ ಕುಡಿಯಲಿಲ್ಲ. ವಾಪಸ್ಸು ಬರುವಾಗ ಕೊಡೆಯನ್ನೂ ಅಲ್ಲೇ ಮರೆತರು.

ಫಲಿತಾಂಶ ಬರುವವರೆಗೆ ಸರ್ ಅಂಗಡಿಗೆ ಬಂದರೂ ಹೊಸ ಸೀಡಿ ಬರೆಯಲು ಬಿಡಲಿಲ್ಲ. ಗುಮಾಸ್ತರು ಹೇಳಿದ್ದನ್ನು ಮತ್ತೆ ಮಾಡಿ ತೋರಿಸು ಎಂದು ಒಮ್ಮೆ ಕೇಳಿದರು. ಮಾಡಲು ನನಗೆ ಮನಸ್ಸಾಗಲಿಲ್ಲ. ನನ್ನ ವೃತ್ತಿಜೀವನದಲ್ಲಿ ನಾನು ಸುಮ್ಮನಿದ್ದ ವಾರಗಳು ಅವೇ. ಶೆಟ್ಟರು ಹೆದರಿ, "ಜ್ವರ ಬಂದದೇನು? ಡಾಕ್ಟರ್ ಹತ್ತರ ಪೋದಾಮಾ?" ಎಂದು ಹಣೆ ಮುಟ್ಟಿ ನೋಡಿದರು.

ಫಲಿತಾಂಶದ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಂಟರ್ನೆಟ್ಟು ಇರುವೆಯಂತೆ ತೆವಳುತ್ತಿತ್ತು. ಎಲ್ಲರ ನಂಬರು ಮುಗಿದ ಮೇಲೆ, ಸರ್ ಕಿಸೆಯ ಚೀಟಿ ನೋಡದೆಯೇ ರೇಣುಕಕ್ಕನ ನಂಬರು ಹೇಳಿದರು. ಪುಟ ಮೇಲಿನಿಂದ ಒಂದೊಂದೇ ಗೆರೆ ಇಳಿಯಿತು. ಹೆಸರು ಬಂತು. ತಂದೆಯ ಹೆಸರು ಬಂತು. ಗಣಿತದ ಮುಂದೆ ನಲವತ್ತೊಂದು. ಪಾಸು.

ನಾನು ಕುರ್ಚಿ ಬೀಳುವಂತೆ ಎದ್ದು ಕೂಗಿದೆ. ಅದು ಯಾರ ದನಿಯಾಗಿತ್ತೋ ಗೊತ್ತಿಲ್ಲ.

"ಇನ್ನೊಮ್ಮೆ ತೆಗಿ," ಎಂದರು ಸರ್.

ತೆಗೆದೆ. ಮತ್ತೆ ನಲವತ್ತೊಂದು. ಸರ್ ಬೆರಳಿನಿಂದ ಪರದೆಯನ್ನು ಮುಟ್ಟಿ ನೋಡಿದರು. "ನನ್ನ ಕ್ರಮದಿಂದ ಪಾಸಾಗಿದ್ರ ನನಗ ಇಷ್ಟು ಗಾಬರಿ ಆಗ್ತಿರಲಿಲ್ಲಪಾ," ಎಂದರು. ಕುರ್ಚಿ ಎಳೆದುಕೊಂಡು ಕೂತು, "ಸೀಡಿಯೊಳಗ ನಾಕನೇ ನಮೂನಿ ಒಂದು ಮಾಡು. ಖಲೀಲ ಹ್ಯಾಂಗ ಕಟ್ಯಾನೋ ಹಾಂಗೇ. ದಂಡೋತಿ ಪ್ರತಿ ಅಂತ ಹೆಸರು ಹಾಕು. ಅಂಚಿನ ಮ್ಯಾಲೆ ನಂಬರ್ ಹಾಕಬ್ಯಾಡ."

ಕನ್ನಡದ ಫಾಂಟು ಯಾವುದಿರಬೇಕು, ಹಾಳೆಯ ಅಳತೆ ಎಷ್ಟಿರಬೇಕು ಎಂದು ಹೊಸಬರು ಕೇಳುತ್ತಾರೆ. ಅದನ್ನೆಲ್ಲ ಯಾರು ಬೇಕಾದರೂ ಹೇಳಿಕೊಡುತ್ತಾರೆ. ನನಗೆ ಗೊತ್ತಿರುವುದು ಇಷ್ಟೇ: ಪುಸ್ತಕ ನಿಮ್ಮ ಕೈ ಬಿಟ್ಟ ಮೇಲೆ ಅದಕ್ಕೆ ಏನಾಗುತ್ತದೆಂದು ಒಮ್ಮೆಯಾದರೂ ಬಸ್ಸು ಹತ್ತಿ ಹೋಗಿ ನೋಡಿ ಬನ್ನಿ. ಎದೆ ಗಟ್ಟಿ ಮಾಡಿಕೊಂಡು ಹೋಗಿ.

ಅಂಗಡಿ ಖಾಲಿಯಾಗುವವರೆಗೆ ಸರ್ ಅಲ್ಲೇ ಕೂತಿದ್ದರು. ಆಮೇಲೆ ಮೆಲ್ಲಗೆ ಕರೆದರು. "ಬಸು, ಆಕಿಗೆ ಫೋನ್ ಮಾಡು. ಪಾಸಾದಿ ಅಂತ ಹೇಳು. ಮತ್ತ... ನನ್ನ ಕ್ರಮ ಒಂದೇ ಕ್ರಮ ಅಲ್ಲ, ನೀ ಓದಿದ್ದೂ ಒಂದು ಕ್ರಮ ಅಂತ ಹೇಳು."

"ನೀವೇ ಹೇಳ್ರಿ ಸರ್. ಹಿಡೀರಿ ಫೋನು."

"ಇಷ್ಟು ವರ್ಷ ಬ್ಯಾರೆ ಹೇಳೀನಿ. ಈ ಬಾಯಿಂದ ಆ ಮಾತು ಹೊಂಡೂದಿಲ್ಲ. ನಿನಗ ನನ್ನ ದನಿ ಬರ್ತದಲ್ಲ. ನೀನೇ ಅನ್ನು."

ಊರಿನವರ ದನಿಯನ್ನೆಲ್ಲ ಕೇಳದೆ ಕದ್ದವನು ನಾನು. ಮೊದಲ ಸಲ ಒಬ್ಬರು ತಮ್ಮ ದನಿಯನ್ನು ತಾವಾಗಿ ನನ್ನ ಕೈಗಿಟ್ಟಿದ್ದರು. ದಂಡೋತಿಯ ಕಿರಾಣಿ ಅಂಗಡಿಗೆ ಫೋನು ಹಚ್ಚಿದೆ. ಯಾರೋ ಓಡಿಹೋಗಿ ಅವಳನ್ನು ಕರೆತಂದರು. ಮೂಗು ಒತ್ತಿಕೊಂಡು ಎಲ್ಲ ಹೇಳಿದೆ: ಪಾಸು, ನಲವತ್ತೊಂದು, ನೀ ಓದಿದ್ದೂ ಒಂದು ಕ್ರಮ ಅವ್ವಾ.

ಆ ಕಡೆಯಿಂದ ಕಿರಾಣಿ ಅಂಗಡಿಯ ಗದ್ದಲ ಕೇಳಿಸಿತು. ಮೂಗು ಏರಿಸಿಕೊಂಡ ಸದ್ದು. ನಂತರ, "ತಮ್ಮಾ, ಸರ್ ಇಲ್ಲಿ ಬಂದಾಗ ಅವರ ದನಿ ಕೇಳೀನಿ. ಈ ದನಿ ಮೊದಲ ಫೋನಿನ ಹಂಗ ನಿಂದೇ ಅದ. ಮಾತು ಯಾರದು?"

ನಾನು ದಂಗಾಗಿ ಸರ್ ಮುಖ ನೋಡಿದೆ. ಅವರಿಗೂ ಕೇಳಿಸಿತ್ತು. ನನ್ನ ಕೈಯಿಂದ ರಿಸೀವರ್ ತೆಗೆದುಕೊಂಡು, ಎರಡು ಸಲ ಬಾಯಿ ತೆರೆದು ಮುಚ್ಚಿ, "ನಂದೇ ಅವ್ವಾ," ಎಂದರು. ಮೂಗಿನಿಂದಲ್ಲ. ಅದೆಲ್ಲಿಂದ ಬಂತೋ, ಮೆತ್ತಗೆ, ಬರೀ ಎರಡು ಮಾತು.

ಆಮೇಲೆ ಎಷ್ಟೋ ಸಲ ಬಾಗಿಲು ಹಾಕಿಕೊಂಡು ಪ್ರಯತ್ನಿಸಿದ್ದೇನೆ. ಆ ದನಿ ಮಾತ್ರ ನನಗೆ ಇನ್ನೂ ಬಂದಿಲ್ಲ.